ಡ್ರಾಯಿಂಗ್ ಪೀರಿಯಡ್ಡು ಎಲ್ಲಿಂದ ಬಂತು?

ಮುಂಬೈ, ಪುಣೆ, ಸೊಲ್ಲಾಪುರದ ಕನ್ನಡ ಮನೆಗಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯಟ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಚೆನ್ನೈ, ದೆಹಲಿ, ಹೈದರಾಬಾದಿನ ಓದುಗರಿಗಾಗಿ ಎರಡು ಮಾತು. ಇವು ಮಹಾರಾಷ್ಟ್ರ ಸರಕಾರದ ಕಲಾ ಸಂಚಾಲನಾಲಯ ಶಾಲಾ ಮಕ್ಕಳಿಗೆ ನಡೆಸುವ ಚಿತ್ರಕಲೆಯ ಗ್ರೇಡ್ ಪರೀಕ್ಷೆಗಳು. ಹಿರಿಯ ಪ್ರಾಥಮಿಕದ ಕೊನೆಯ ಹೊತ್ತಿಗೆ, ಅಂದರೆ ಏಳೆಂಟನೆಯ ತರಗತಿಯಲ್ಲಿ, ಮಕ್ಕಳು ಎಲಿಮೆಂಟರಿಗೆ ಕೂರುತ್ತಾರೆ. ಅದು ಪಾಸಾದರೆ ಇಂಟರ್‌ಮೀಡಿಯಟ್ಟಿಗೆ. ಎಲಿಮೆಂಟರಿಗೆ ಎರಡು ದಿನ, ನಾಲ್ಕು ಪತ್ರಿಕೆ: ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಕೊನೆಗೆ ಕರ್ತವ್ಯಭೂಮಿತಿ ಮತ್ತು ಅಕ್ಷರಲೇಖನ. ಕರ್ತವ್ಯಭೂಮಿತಿ ಎಂಬ ಮರಾಠಿ ಪದವನ್ನು ಕನ್ನಡದ ಕಿವಿಯಲ್ಲಿ ಕೇಳಿದರೆ ಭೂಮಿತಿ ಕಲಿಯುವುದು ನಮ್ಮ ಪರಮ ಕರ್ತವ್ಯ ಎಂಬಂತಿದೆ. ಅದರ ಅರ್ಥ ಕೈಯಾರೆ ಮಾಡುವ ರೇಖಾಗಣಿತ, ಅಷ್ಟೆ. ಕರ್ನಾಟಕದಲ್ಲಿ ಇದರ ದಾಯಾದಿಗಳಾಗಿ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಇವೆ.

ಹನ್ನೆರಡು ವರ್ಷದ ಮಗುವಿಗೆ ಚಿತ್ರ ಕಲಿಸುವುದೆಂದರೆ ಒಂದು ಹೂಜಿ ಮತ್ತು ಎರಡು ಟೊಮ್ಯಾಟೊ ನೋಡಿ ಬರೆಸುವುದು, ಒಂದು ಚೌಕದೊಳಗೆ ಬಳ್ಳಿಯ ವಿನ್ಯಾಸ ತುಂಬಿಸುವುದು, ಕಂಪಾಸಿನಿಂದ ಪಂಚಕೋನ ರಚಿಸಿಸುವುದು, ಅಕ್ಷರಗಳನ್ನು ಅಳತೆಯಲ್ಲಿ ಕೂರಿಸುವುದು. ಹೀಗೆಂದು ಯಾರು ತೀರ್ಮಾನಿಸಿದರು? ಈ ಪಟ್ಟಿಯಲ್ಲಿ ಮಗುವಿನ ಮನಸ್ಸು ಎಲ್ಲಿದೆ ಎಂದು ಕೇಳಿಕೊಂಡು ಹೊರಟರೆ ದಾರಿ 1850ರ ದಶಕದ ಲಂಡನ್ನಿಗೆ, ಅಲ್ಲಿನ ಗಿರಣಿ ಮಾಲೀಕರ ಚಿಂತೆಗೆ ಹೋಗಿ ಮುಟ್ಟುತ್ತದೆ.

ಆ ಹೊತ್ತಿಗೆ ಬ್ರಿಟನ್ನಿನ ಯಂತ್ರಗಳು ಬಟ್ಟೆ, ಪಿಂಗಾಣಿ, ಗೋಡೆಕಾಗದಗಳನ್ನು ರಾಶಿ ರಾಶಿಯಾಗಿ ಹೊರಹಾಕುತ್ತಿದ್ದವು. ಆದರೆ ವಿನ್ಯಾಸದಲ್ಲಿ ಫ್ರೆಂಚರು ಮುಂದಿದ್ದರು. 1851ರ ಮಹಾ ವಸ್ತುಪ್ರದರ್ಶನದಲ್ಲಿ ಇದು ಎದ್ದು ಕಂಡಿತು. ಅಲ್ಲಿ ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು: ಭಾರತದಿಂದ ಬಂದ ಸೀರೆ, ಶಾಲು, ಜಮಖಾನೆಗಳ ವಿನ್ಯಾಸ ಇಂಗ್ಲಿಷ್ ಸರಕಿಗಿಂತ ಮೇಲು ಎಂದು ಓವೆನ್ ಜೋನ್ಸ್‌ನಂಥವರು ಹೊಗಳಿದರು. ಹೂವನ್ನು ಉಬ್ಬಿದಂತೆ, ನೆರಳು ಬಿದ್ದಂತೆ ಬರೆಯದೆ ಬಟ್ಟೆಯ ಮೇಲೆ ಚಪ್ಪಟೆಯಾಗಿ, ಲೆಕ್ಕಬದ್ಧವಾಗಿ ಕೂರಿಸುವ ಗುಣ ಅವರಿಗೆ ಹಿಡಿಸಿತು. 1852ರಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿಯ ಕೈಗೆ ಒಂದು ಹೊಸ ಸರಕಾರಿ ಇಲಾಖೆ ಬಂತು. ಅವನ ಜೊತೆಗಾರ ರಿಚರ್ಡ್ ರೆಡ್‌ಗ್ರೇವ್ 23 ಮೆಟ್ಟಿಲುಗಳ ಪಠ್ಯಕ್ರಮ ರೂಪಿಸಿದ. ಮೊದಲು ಉಪಕರಣ ಹಿಡಿದು ರೇಖಾಗಣಿತ. ಆಮೇಲೆ ಅಚ್ಚಾದ ಹಾಳೆ ನೋಡಿ ಗೆರೆ. ಆಮೇಲೆ ಪ್ಲಾಸ್ಟರಿನ ಅಚ್ಚು ನೋಡಿ ನೆರಳು. ಹೀಗೆ ಏರುತ್ತ ಹೋಗಬೇಕು. ಇಲಾಖೆಯ ಠಿಕಾಣಿಯಿಂದಾಗಿ ಇದಕ್ಕೆ ಸೌತ್ ಕೆನ್ಸಿಂಗ್ಟನ್ ಪದ್ಧತಿ ಎಂಬ ಹೆಸರು ನಿಂತಿತು.

ಈ ಪದ್ಧತಿಯ ‘ಫ್ರೀಹ್ಯಾಂಡ್’ ಎಂಬ ಪದದ ಮೇಲೆ ನನಗೊಂದು ವೃತ್ತಿಸಹಜ ಕುತೂಹಲವಿದೆ. ಅನುವಾದಿಸುವಾಗ ‘ಮುಕ್ತಹಸ್ತ’ ಎಂದು ಬರೆದುಬಿಡುತ್ತೇವೆ. ಕನ್ನಡದಲ್ಲಿ ಅದು ದಾನ ಮಾಡುವವರ ಕೈ. ಇಲ್ಲಿ ಕೈಗೆ ಬಿಡುಗಡೆ ಸಿಕ್ಕಿದ್ದು ಸ್ಕೇಲು, ಕಂಪಾಸುಗಳಿಂದ ಮಾತ್ರ. ಎದುರಿಗಿದ್ದ ಮಾದರಿಯಿಂದಲ್ಲ, ಮೇಷ್ಟರಿಂದಂತೂ ಅಲ್ಲವೇ ಅಲ್ಲ.

ಇದನ್ನು ಅಂದೇ ಗೇಲಿ ಮಾಡಿದವನು ಚಾರ್ಲ್ಸ್ ಡಿಕನ್ಸ್. 1854ರ ‘ಹಾರ್ಡ್ ಟೈಮ್ಸ್’ ಕಾದಂಬರಿಯ ಆರಂಭದಲ್ಲಿ ಸರಕಾರಿ ಮನುಷ್ಯನೊಬ್ಬ ತರಗತಿಗೆ ಬಂದು, ಕೋಣೆಯ ಗೋಡೆಗೆ ಕುದುರೆ ಚಿತ್ರದ ಕಾಗದ ಅಂಟಿಸುತ್ತೀರಾ, ನೆಲಕ್ಕೆ ಹೂವಿನ ಚಿತ್ರದ ಜಮಖಾನೆ ಹಾಸುತ್ತೀರಾ ಎಂದು ಮಕ್ಕಳನ್ನು ಪ್ರಶ್ನಿಸುತ್ತಾನೆ. ಹೂವೆಂದರೆ ನನಗಿಷ್ಟ, ಹಾಸುತ್ತೇನೆ ಎಂದ ಸರ್ಕಸ್ ಹುಡುಗಿ ಸಿಸ್ಸಿ ಬೈಸಿಕೊಳ್ಳುತ್ತಾಳೆ. ನಿಜವಾದ ಹೂವಿನ ಮೇಲೆ ಯಾರೂ ನಡೆಯುವುದಿಲ್ಲವಾದ್ದರಿಂದ ಜಮಖಾನೆಯ ಮೇಲೂ ಹೂವು ಕೂಡದು, ರೇಖಾಗಣಿತದ ಆಕೃತಿಗಳಷ್ಟೇ ಇರಬೇಕು ಎನ್ನುವುದು ಆ ಅಧಿಕಾರಿಯ ತರ್ಕ. ಆತ ಹೆನ್ರಿ ಕೋಲನ ಪಡಿಯಚ್ಚು ಎಂಬುದು ಅಂದಿನ ಓದುಗರಿಗೆ ಗುಟ್ಟೇನಲ್ಲ.

ಆದರೆ ಕೋಲನನ್ನು ಬರೀ ಖಳನಾಯಕನನ್ನಾಗಿ ಮಾಡುವುದು ಸರಿಯಲ್ಲ. ಅದುವರೆಗೆ ಚಿತ್ರ ಬರೆಯುವುದು ಶ್ರೀಮಂತರ ಮನೆಯ ಹೆಣ್ಣುಮಕ್ಕಳು ಮನೆಗೇ ಮೇಷ್ಟರನ್ನು ಕರೆಸಿ ಕಲಿಯುವ ಶೋಕಿ. ಬಡವರ ಮಕ್ಕಳ ಶಾಲೆಗೂ ಪೆನ್ಸಿಲ್ಲು ಬಂದದ್ದು ಈ ಪದ್ಧತಿಯಿಂದ. ಗೆರೆಯೂ ಅಕ್ಷರದಂತೆ, ಪ್ರತಿಭೆ ಇರಲಿ ಬಿಡಲಿ ಎಲ್ಲರೂ ಕಲಿಯಬಹುದಾದದ್ದು ಎಂಬ ನಂಬಿಕೆ ಇದರ ಬೆನ್ನಿಗಿತ್ತು. ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿ ಅರ್ಧ ಶತಮಾನ ಮೊದಲೇ ಇದನ್ನು ಹೇಳಿದ್ದ: ನೇರಗೆರೆ, ಕೋನ, ಬಾಗು, ಇವು ಕಣ್ಣಿನ ವರ್ಣಮಾಲೆ. 1870ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಸರಕಾರಿ ಶಾಲೆಗಳಲ್ಲಿ ಡ್ರಾಯಿಂಗನ್ನು ಕಾನೂನಿನ ಮೂಲಕವೇ ತಂದಿತು. ಕಾರಣ ಅಲ್ಲೂ ಕಾರ್ಖಾನೆಯೇ.

ನಮ್ಮಲ್ಲಿಗೆ ಬಂದಾಗ ಈ ಪದ್ಧತಿ ವಿಚಿತ್ರ ತಿರುವು ಪಡೆಯಿತು. ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲೇ ಒಂದು ಕಲಾಶಾಲೆ ತೆರೆದಿದ್ದ. ಮುಂಬೈಯಲ್ಲಿ ಜಮ್ಶೆಟ್‌ಜಿ ಜೀಜೀಭಾಯ್ ಒಂದು ಲಕ್ಷ ರೂಪಾಯಿ ಕೊಟ್ಟರು, 1857ರಲ್ಲಿ ಜೆ.ಜೆ. ಶಾಲೆಯ ಬಾಗಿಲು ತೆರೆಯಿತು. ಲಾಕ್‌ವುಡ್ ಕಿಪ್ಲಿಂಗ್ 1865ರಲ್ಲಿ ಅಲ್ಲಿ ಪಾಠ ಹೇಳಲು ಬಂದ. ಜಾನ್ ಗ್ರಿಫಿತ್ಸ್ 1872ರಿಂದ ವಿದ್ಯಾರ್ಥಿಗಳನ್ನು ಅಜಂತಾಕ್ಕೆ ಕರೆದೊಯ್ದು ಭಿತ್ತಿಚಿತ್ರಗಳ ಪ್ರತಿ ತೆಗೆಸಿದ. ಆ ಪ್ರತಿಗಳಲ್ಲಿ ಬಹಳಷ್ಟು ಸೌತ್ ಕೆನ್ಸಿಂಗ್ಟನ್ನಿಗೆ ಹೋಗಿ, 1885ರಲ್ಲಿ ಅಲ್ಲಿನ ಬೆಂಕಿಯಲ್ಲಿ ಸುಟ್ಟುಹೋದವು. ಭಾರತದ ವಿನ್ಯಾಸ ಶ್ರೇಷ್ಠವೆಂದು ಹೊಗಳಿ ಕಟ್ಟಿದ ಪಠ್ಯಕ್ರಮ ಭಾರತಕ್ಕೆ ಬಂದು ಇಲ್ಲಿನ ಹುಡುಗರ ಮುಂದೆ ಗ್ರೀಕ್ ಶಿಲ್ಪದ ಪ್ಲಾಸ್ಟರ್ ಅಚ್ಚುಗಳನ್ನಿಟ್ಟಿತು.

ಕುಶಲಕರ್ಮಿಗಳ ಮಕ್ಕಳು ಬರುತ್ತಾರೆಂದು ಸರಕಾರ ಎಣಿಸಿತ್ತು. ಬಡಗಿ, ಕಂಚುಗಾರರ ಮಕ್ಕಳಿಗೆ ಕಸಬು ಮನೆಯಲ್ಲೇ ಸಿಗುತ್ತಿತ್ತು. ಸ್ಟೈಪೆಂಡು ಕೊಡುತ್ತೇವೆಂದರೂ ಅವರು ಹೆಚ್ಚಾಗಿ ಬರಲಿಲ್ಲ. ಬಂದವರು ಸಂಬಳದ ನೌಕರಿ ಬೇಕಿದ್ದ ಮಧ್ಯಮ ವರ್ಗದವರು. ಅವರಿಗೊಂದು ನೌಕರಿಯೂ ಹುಟ್ಟಿತು. ಜೆ.ಜೆ.ಯ ಮೂಲಕ 1879ರಲ್ಲಿ ಡ್ರಾಯಿಂಗ್ ಶಿಕ್ಷಣ ಒಂದು ವಿಷಯವಾಗಿ ಬಂತು, 1893ರಲ್ಲಿ ಡ್ರಾಯಿಂಗ್ ಶಿಕ್ಷಕರ ತರಬೇತಿ ಶುರುವಾಯಿತು. ಗ್ರೇಡ್ ಪರೀಕ್ಷೆ ಪಾಸು ಮಾಡು, ತರಬೇತಿ ಮುಗಿಸು, ಶಾಲೆ ಸೇರು, ಮುಂದಿನ ಹುಡುಗರನ್ನು ಅದೇ ಪರೀಕ್ಷೆಗೆ ಕೂರಿಸು. ಡ್ರಾಯಿಂಗ್ ಮಾಸ್ತರ ಎಂಬ ವ್ಯಕ್ತಿ ನಮ್ಮ ಊರುಗಳಿಗೆ ಬಂದದ್ದು ಹೀಗೆ.

1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಮುಂಬೈಗೇ ಸೇರಿದ್ದವು. ಆ ಸೀಮೆಯ ಕನ್ನಡ ಹುಡುಗರ ಚಿತ್ರಕಲೆಯ ದಾರಿ ಮುಂಬೈ ಕಡೆಗೇ ಇತ್ತು. ಜೆ.ಜೆ.ಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಲಾಶಾಲೆ ಕಟ್ಟಿದ್ದು ಈ ದಾರಿಯ ಫಲ. ಆ ಕಡೆಯ ಮಾತಿನಲ್ಲಿ ಇವತ್ತಿಗೂ ಚಿತ್ರವನ್ನು ‘ತಗೀ’ತಾರೆ. ಮರಾಠಿಯ ‘ಕಾಢಣೆ’ಯೂ ಅದೇ: ಒಳಗಿರುವುದನ್ನು ಹೊರಗೆ ತೆಗೆಯುವುದು. ಮೈಸೂರು ಕಡೆ ಚಿತ್ರ ‘ಬರೆಯು’ತ್ತಾರೆ, ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ. ಚಿತ್ರ ‘ಬಿಡಿಸು’ವವರೂ ಇದ್ದಾರೆ, ಗಂಟು ಬಿಡಿಸಿದಂತೆ, ಲೆಕ್ಕ ಬಿಡಿಸಿದಂತೆ. ಚಿತ್ರ ಮಾಡುವುದೆಂದರೇನು ಎಂಬ ಪ್ರಶ್ನೆಗೆ ಭಾಷೆಯಲ್ಲಿ ಮೂರು ಉತ್ತರಗಳು ಆಗಲೇ ಇದ್ದವು. ‘ಡ್ರಾಯಿಂಗ್’ ಬಂದು ಮೂರನ್ನೂ ಪಕ್ಕಕ್ಕೆ ಸರಿಸಿತು. ಬೆಳಿಗ್ಗೆ ಎದ್ದು ಬಾಗಿಲಲ್ಲಿ 15 ಚುಕ್ಕಿಯ ರಂಗೋಲಿಯನ್ನು ಅಳತೆ ತಪ್ಪದೆ ಹಾಕಿ ಶಾಲೆಗೆ ಬಂದ ಹುಡುಗಿ, ಡ್ರಾಯಿಂಗ್ ತರಗತಿಯಲ್ಲಿ ನೇರಗೆರೆ ಎಳೆಯುವುದನ್ನು ಮೊದಲಿನಿಂದ ಕಲಿತಳು. ಇದು ಯಾರಿಗೂ ವಿಚಿತ್ರವೆನಿಸದಷ್ಟು ಪರೀಕ್ಷೆ ಗಟ್ಟಿಯಾಗಿ ಬೇರೂರಿತ್ತು.

ಎದುರು ದನಿ ಹುಟ್ಟಿದ್ದು ವಿಯೆನ್ನಾದಲ್ಲಿ. ಫ್ರಾಂಜ್ ಚೀಜೆಕ್ ಬೊಹೀಮಿಯಾದಿಂದ ಕಲೆ ಕಲಿಯಲು ಬಂದವನು, ಒಂದು ಬಡಗಿ ಕುಟುಂಬದ ಮನೆಯಲ್ಲಿ ಬಾಡಿಗೆಗಿದ್ದ. ಆ ಮನೆಯ ಮಕ್ಕಳು ಅವನ ಬಣ್ಣ, ಕಾಗದ ತೆಗೆದುಕೊಂಡು ಬರೆದದ್ದನ್ನು ನೋಡುತ್ತ ಹೋದಂತೆ ಅವನಿಗೆ ಅನಿಸಿತು: ಇದು ದೊಡ್ಡವರ ಚಿತ್ರದ ಅರೆಬೆಂದ ರೂಪವಲ್ಲ, ಇದಕ್ಕೆ ಇದರದೇ ನಿಯಮಗಳಿವೆ. 1897ರಲ್ಲಿ ಮಕ್ಕಳಿಗಾಗಿಯೇ ಒಂದು ಚಿತ್ರಶಾಲೆ ತೆರೆದ. ಅಲ್ಲಿ ನಕಲಿಲ್ಲ, ಪ್ಲಾಸ್ಟರಿಲ್ಲ. ಮೊದಲ ಮಹಾಯುದ್ಧದ ನಂತರ ಹಸಿದ ಆಸ್ಟ್ರಿಯಾದ ಮಕ್ಕಳಿಗೆ ಹಣ ಕೂಡಿಸಲು ಆ ಮಕ್ಕಳ ಚಿತ್ರಗಳನ್ನು ಇಂಗ್ಲೆಂಡಿನಲ್ಲಿ ಊರೂರಿಗೆ ಒಯ್ದು ತೋರಿಸಿದರು. ಚೀಜೆಕ್‌ನ ಹೆಸರು ಹಬ್ಬಿತು. ಆದರೆ ಆ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಒಂದು ಮುಜುಗರ. ಎಲ್ಲವೂ ಒಂದೇ ಮನೆಯವು ಎಂಬಷ್ಟು ಹೋಲುತ್ತವೆ, ಅಚ್ಚುಕಟ್ಟಾಗಿ, ಮುದ್ದಾಗಿ. ಏನನ್ನೂ ಕಲಿಸುವುದಿಲ್ಲ ಎಂದವನ ಶಾಲೆಯಲ್ಲೂ ಮಕ್ಕಳು ಮೇಷ್ಟರ ಕಣ್ಣಿಗೆ ಯಾವುದು ಚೆನ್ನ ಎಂಬುದನ್ನು ಕಲಿತೇ ಕಲಿತರು. ಹದಿನಾಲ್ಕಕ್ಕೆ ಅವನ ತರಗತಿ ಮುಗಿಯುತ್ತಿತ್ತು. ಆ ನಂತರ ಹೆಚ್ಚಿನ ಮಕ್ಕಳಲ್ಲಿ ಆ ಚೈತನ್ಯ ಆರಿಹೋಗುತ್ತದೆ ಎಂದು ಅವನು ನಂಬಿದ್ದ.

ಅದೇ ವಯಸ್ಸಿನ ಮಕ್ಕಳ ಜೊತೆ ಕೆಲಸ ಮಾಡಿದ ಇನ್ನೊಬ್ಬರು ನನಗೆ ಇವನಿಗಿಂತ ಹತ್ತಿರ. ಮೇರಿಯನ್ ರಿಚರ್ಡ್‌ಸನ್ 1912ರಲ್ಲಿ, ಇನ್ನೂ ಇಪ್ಪತ್ತರ ಹುಡುಗಿ, ಇಂಗ್ಲೆಂಡಿನ ಡಡ್ಲಿ ಎಂಬ ಹೊಗೆ ತುಂಬಿದ ಕಬ್ಬಿಣ-ಕಲ್ಲಿದ್ದಲಿನ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಚಿತ್ರಕಲಾ ಶಿಕ್ಷಕಿಯಾಗಿ ಸೇರಿದಳು. ಅವಳು ಕಲಿತದ್ದೂ ಹಳೆಯ ಪದ್ಧತಿಯಲ್ಲೇ. ಆದರೆ ತರಗತಿಯಲ್ಲಿ ಅವಳು ಮಾಡಿದ್ದು ಬೇರೆ. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿ, ತಾನು ಕಂಡ ಒಂದು ದೃಶ್ಯವನ್ನು ಮೆಲ್ಲನೆ ಮಾತಿನಲ್ಲಿ ಕಟ್ಟುತ್ತಿದ್ದಳು. ಅದೇ ಊರಿನ ಬೀದಿ, ಸಂಜೆಯ ದೀಪ, ಅಂಗಡಿಯ ಕಿಟಕಿ, ಹೀಗೆ. ಚಿತ್ರ ಮನಸ್ಸಿನಲ್ಲಿ ಪೂರ್ತಿ ಮೂಡಿದ ಮೇಲೆ ಕಣ್ಣು ತೆರೆದು ಬಣ್ಣಕ್ಕೆ ಕೈ ಹಾಕಬೇಕು. ಕೆಲವೊಮ್ಮೆ ವರ್ಣನೆಯೂ ಇಲ್ಲ. ಮುಚ್ಚಿದ ಕಣ್ಣಿಗೆ ತಾನಾಗಿ ಏನು ಕಾಣುತ್ತದೋ ಅದನ್ನೇ ಬರೆಯಿರಿ ಎನ್ನುತ್ತಿದ್ದಳು. ಬರೆದಾದ ಮೇಲೆ ಕೇಳುವ ಪ್ರಶ್ನೆ ‘ಇದು ಸರಿಯಿದೆಯೇ’ ಅಲ್ಲ, ‘ನೀನು ಕಂಡದ್ದು ಇದೇನಾ’ ಎಂಬುದು. ಈ ಪ್ರಶ್ನೆಗೆ ಮಗುವೇ ಉತ್ತರಿಸಬಲ್ಲದು, ಮೇಷ್ಟರಿಗೆ ಸಾಧ್ಯವಿಲ್ಲ.

1917ರಲ್ಲಿ ಲಂಡನ್ನಿಗೆ ಒಂದು ನೌಕರಿಯ ಸಂದರ್ಶನಕ್ಕೆ ಹೋದಾಗ ಮಕ್ಕಳ ಚಿತ್ರಗಳ ಕಟ್ಟು ಕೈಯಲ್ಲಿತ್ತು. ಕೆಲಸ ಸಿಗಲಿಲ್ಲ. ಅಲ್ಲಿಂದ ರೋಜರ್ ಫ್ರೈ ಏರ್ಪಡಿಸಿದ್ದ ಮಕ್ಕಳ ಚಿತ್ರಪ್ರದರ್ಶನ ನೋಡಲು ಹೋದಳು. ಕಟ್ಟು ಬಿಚ್ಚಿ ನೋಡಿದ ಫ್ರೈ, ಆಧುನಿಕ ಕಲೆಯನ್ನು ಇಂಗ್ಲೆಂಡಿಗೆ ಪರಿಚಯಿಸಿದ ಆ ವಿಮರ್ಶಕ, ಡಡ್ಲಿಯ ಹುಡುಗಿಯರ ಚಿತ್ರಗಳನ್ನೂ ಪ್ರದರ್ಶನಕ್ಕೆ ಸೇರಿಸಿಕೊಂಡ. ಮುಂದೆ 1930ರಲ್ಲಿ ಅವಳು ಲಂಡನ್ ಕೌಂಟಿಯ ಶಾಲೆಗಳ ಕಲಾ ಇನ್ಸ್‌ಪೆಕ್ಟರ್ ಆದಳು. 1935ರಲ್ಲಿ ಕೈಬರಹದ ಪುಸ್ತಕಗಳ ಒಂದು ಮಾಲೆ ತಂದಳು. ಅದರಲ್ಲಿ ಮಕ್ಕಳು ಅಲೆ, ಕುಣಿಕೆ, ಕಮಾನುಗಳ ವಿನ್ಯಾಸ ಬರೆಯುತ್ತ ಬರೆಯುತ್ತ ಅಕ್ಷರಕ್ಕೆ ಹೋಗುತ್ತಾರೆ. ಕನ್ನಡದ ‘ಬರೆ’ ಎಂಬ ಕ್ರಿಯಾಪದ ಅವಳಿಗೆ ಗೊತ್ತಿದ್ದರೆ ಖುಷಿಪಡುತ್ತಿದ್ದಳೇನೋ.

ಈ ಮಾತೆಲ್ಲ ಹತ್ತರಿಂದ ಹದಿಮೂರರ ಮಕ್ಕಳ ವಿಷಯದಲ್ಲೇ ಯಾಕೆ ಮುಖ್ಯ? ಐದು ವರ್ಷದ ಮಗುವಿಗೆ ಕಾಗದ ಕೊಟ್ಟು ಸುಮ್ಮನಿದ್ದರೂ ನಡೆಯುತ್ತದೆ. ಹತ್ತು ದಾಟಿದ ಮೇಲೆ ಮಗು ತನ್ನ ಚಿತ್ರವನ್ನು ತಾನೇ ಬೇರೆ ಕಣ್ಣಿನಿಂದ ನೋಡತೊಡಗುತ್ತದೆ. ಕುರ್ಚಿ ಕುರ್ಚಿಯಂತೆ ಕಾಣುತ್ತಿಲ್ಲ, ಕೈ ಮೈಗೆ ಅಂಟಿಸಿದಂತಿದೆ. ಪಕ್ಕದವನದು ಚೆನ್ನಾಗಿದೆ. ನನಗೆ ಬರುವುದಿಲ್ಲ. ಆಸ್ಟ್ರಿಯಾದಿಂದ ನಾಜಿಗಳ ಕಾಲದಲ್ಲಿ ತಪ್ಪಿಸಿಕೊಂಡು ಅಮೆರಿಕ ಸೇರಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತನ್ನ ಪುಸ್ತಕದಲ್ಲಿ ಈ ಘಟ್ಟವನ್ನು ವಿವರವಾಗಿ ಗುರುತಿಸಿದ. ಹೆಚ್ಚಿನವರು ಚಿತ್ರ ಬರೆಯುವುದನ್ನು ಜೀವನಪೂರ್ತಿ ಬಿಟ್ಟುಬಿಡುವುದು ಇಲ್ಲೇ. ಈ ಪತ್ರ ಓದುತ್ತಿರುವವರಲ್ಲಿ ಮುಕ್ಕಾಲು ಪಾಲು ಜನ ಇವತ್ತು ಒಂದು ಹಸು ಬರೆಯಿರಿ ಎಂದರೆ ಹತ್ತು ವರ್ಷದವರ ಹಸುವನ್ನೇ ಬರೆಯುತ್ತಾರೆ ಎಂದು ನನ್ನ ಅಂದಾಜು.

ಆ ವಯಸ್ಸಿಗೆ ಸೌತ್ ಕೆನ್ಸಿಂಗ್ಟನ್ ಕೈಚಳಕ ಕೊಡುತ್ತದೆ. ಆದರೆ ಏನು ಬರೆಯಬೇಕೆಂಬುದನ್ನು ಕಸಿದುಕೊಳ್ಳುತ್ತದೆ. ಚೀಜೆಕ್ ಸ್ವಾತಂತ್ರ್ಯ ಕೊಡುತ್ತಾನೆ. ಆದರೆ ಕುರ್ಚಿ ಕುರ್ಚಿಯಂತೆ ಕಾಣಬೇಕೆಂದು ಅಳುವ ಮಗುವಿಗೆ ಅವನಲ್ಲಿ ಸಮಾಧಾನವಿಲ್ಲ. ನಮ್ಮ ದೇಶದಲ್ಲಿ ಇವೆರಡರ ನಡುವೆ ಮೂರನೆಯ ದಾರಿಯೊಂದನ್ನು ಪ್ರಯತ್ನಿಸಿದ ಜಾಗ ಸೇವಾಗ್ರಾಮ.

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧಿ ಕರೆದ ಸಭೆಯಿಂದ ನಯೀ ತಾಲೀಮ್ ಹುಟ್ಟಿತು. ಏಳರಿಂದ ಹದಿನಾಲ್ಕರ ಮಕ್ಕಳಿಗೆ ಒಂದು ಕಸುಬಿನ ಸುತ್ತ ಇಡೀ ಶಿಕ್ಷಣ. ಜಾಕಿರ್ ಹುಸೇನ್ ಸಮಿತಿ ಮಾಡಿದ ಪಠ್ಯಕ್ರಮದಲ್ಲಿ ಚಿತ್ರಕಲೆಯೂ ಇತ್ತು. ಅದರ ಉದ್ದೇಶಗಳನ್ನು ಓದಿದರೆ ಹಳೆಯ ದನಿ ಹೊಸ ದನಿ ಎರಡೂ ಕೇಳಿಸುತ್ತವೆ. ಕಣ್ಣಿಗೆ ಆಕಾರ, ಬಣ್ಣ ಗುರುತಿಸುವ ಅಭ್ಯಾಸ, ಆಕಾರಗಳ ಸ್ಮರಣೆ, ಸೌಂದರ್ಯದ ಅರಿವು, ಅದರ ಜೊತೆಗೇ ಮಾಡಬೇಕಾದ ವಸ್ತುವಿನ ಅಳತೆಯ ನಕ್ಷೆ ಬರೆಯುವುದು. ವ್ಯತ್ಯಾಸ ಒಂದೇ: ಇಲ್ಲಿ ನಕ್ಷೆ ಬರೆದ ಮಗುವೇ ವಸ್ತುವನ್ನೂ ಮಾಡುತ್ತದೆ. ಗಾಂಧಿ ಅದಕ್ಕೂ ಮೊದಲೇ ಆತ್ಮಕಥೆಯಲ್ಲಿ, ತಮ್ಮ ಕೆಟ್ಟ ಕೈಬರಹಕ್ಕೆ ನಾಚಿ, ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಚಿತ್ರ ಕಲಿಸಬೇಕು, ಹೂವು ಹಕ್ಕಿಗಳನ್ನು ನೋಡಿದಂತೆಯೇ ಅಕ್ಷರವನ್ನೂ ನೋಡಿ ಕಲಿಯಲಿ ಎಂದು ಬರೆದಿದ್ದರು.

1944ರಲ್ಲಿ ಸೇವಾಗ್ರಾಮಕ್ಕೆ ಕಲಾಶಿಕ್ಷಕರಾಗಿ ಬಂದವರು ದೇವಿಪ್ರಸಾದ್. ಡೆಹ್ರಾಡೂನಿನ ಹುಡುಗ, ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಶಿಷ್ಯ, ಆಗ ಇಪ್ಪತ್ತಮೂರರ ಆಸುಪಾಸು. ಅವರ ಗುರು 1938ರಲ್ಲಿ ಹರಿಪುರ ಕಾಂಗ್ರೆಸ್ಸಿಗೆ ಬರೆದ ಫಲಕಗಳಲ್ಲಿ ಬಡಗಿ, ದರ್ಜಿ, ಡೋಲು ಬಾರಿಸುವವನು, ಅಡುಗೆ ಮಾಡುವ ಹೆಂಗಸು ಇದ್ದರು. ಕಲೆ ಮತ್ತು ಕೆಲಸ ಬೇರೆಯಲ್ಲ ಎಂಬ ಪಾಠ ಶಿಷ್ಯನಿಗೆ ಅಲ್ಲೇ ಸಿಕ್ಕಿತ್ತು. ದೇವಿಪ್ರಸಾದ್ ಕುಂಬಾರಿಕೆ ಮಾಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಮಕ್ಕಳ ಚಿತ್ರಗಳನ್ನು ಜೋಪಾನವಾಗಿ ಕಾಯ್ದಿಟ್ಟು ವರ್ಷಗಟ್ಟಲೆ ಹೋಲಿಸಿ ನೋಡುತ್ತಿದ್ದರು. ಈ ಅನುಭವದಿಂದ ಹುಟ್ಟಿದ ಅವರ ಇಂಗ್ಲಿಷ್ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1998ರಲ್ಲಿ ಪ್ರಕಟಿಸಿತು. ಕಲೆಯೇ ಶಿಕ್ಷಣದ ತಳಪಾಯ ಎಂಬುದು ಅದರ ಹೆಸರಿನ ತಾತ್ಪರ್ಯ.

ಅವರ ವಾದದ ತಿರುಳು ನನಗೆ ಕಂಡಂತೆ ಹೀಗಿದೆ. ದೊಡ್ಡವರ ಅಳತೆಗೋಲನ್ನು ಮಗುವಿನ ಚಿತ್ರಕ್ಕೆ ಹಿಡಿಯಬಾರದು, ಇಲ್ಲಿಯವರೆಗೆ ಅವರು ಚೀಜೆಕ್ ಪಕ್ಷ. ಆದರೆ ಬೆಳೆಯುವ ಮಗುವಿಗೆ ಬಿಳಿ ಹಾಳೆಯೊಂದೇ ಸಾಲದು. ಮಡಕೆಯ ಕಂಠಕ್ಕೆ ಎಳೆದ ಗೆರೆ ಕೋರೆಯಾದರೆ ಮೇಷ್ಟರು ಹೇಳಬೇಕಿಲ್ಲ, ಮಡಕೆಯೇ ಹೇಳುತ್ತದೆ. ಹಬ್ಬಕ್ಕೆ ಮಂಟಪ ಸಿಂಗರಿಸುವಾಗ ಅಳತೆ ತಪ್ಪಿದರೆ ಎಲ್ಲರಿಗೂ ಕಾಣುತ್ತದೆ. ಕೌಶಲ ಬೇಕೆಂಬ ಹಂಬಲ ಮಗುವಿಗೇ ಹುಟ್ಟುತ್ತದೆ, ಆ ಹೊತ್ತಿಗೆ ಪಕ್ಕದಲ್ಲಿ ಬಲ್ಲವರೊಬ್ಬರು ಇರಬೇಕು. ನನಗೆ ಬರುವುದಿಲ್ಲ ಎನ್ನುವ ಹನ್ನೊಂದರ ಮಗುವಿಗೆ ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ.

ಇದು ಯಾಕೆ ಹರಡಲಿಲ್ಲ? ನಯೀ ತಾಲೀಮೇ ಉಳಿಯಲಿಲ್ಲ. ಹಳ್ಳಿಯ ಬಡವರಿಗೆ ನೂಲುವ ಶಾಲೆ, ಪಟ್ಟಣದವರಿಗೆ ಪುಸ್ತಕದ ಶಾಲೆ ಎಂಬ ಅನುಮಾನ ಜನರಲ್ಲಿತ್ತು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ತಮ್ಮ ಮಗ ಮತ್ತೆ ಕುಂಬಾರನಾಗಲಿ ಎಂದು ಯಾವ ಕುಂಬಾರ ಶಾಲೆಗೆ ಕಳಿಸುತ್ತಾನೆ? ಕೈಕೆಲಸ ಮುಂದೆ ಎಸ್‌ಯುಪಿಡಬ್ಲ್ಯು ಎಂಬ ಪೀರಿಯಡ್ಡಾಗಿ ಉಳಿಯಿತು. ‘ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್’ ಎಂದು ಅದನ್ನು ಹಾಸ್ಯ ಮಾಡಿದ ತಲೆಮಾರಿನವರು ಈ ಪತ್ರದ ಓದುಗರಲ್ಲೂ ಇದ್ದಾರೆ. ಚಿತ್ರಕಲೆ ಅದರಿಂದ ಕಡಿದುಕೊಂಡು ಬೇರೆ ಪೀರಿಯಡ್ಡಾಯಿತು. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ಮಕ್ಕಳಿಗಾಗಿ ಚಿತ್ರಸ್ಪರ್ಧೆ ಶುರುಮಾಡಿದರು. ದೇಶ ದೇಶಗಳಿಂದ ಚಿತ್ರಗಳು ಬರತೊಡಗಿದವು, ಮಕ್ಕಳಿಗೆ ಬಣ್ಣದ ಮೇಲೆ ಪ್ರೀತಿ ಹುಟ್ಟಿತು. ಆದರೆ ಸ್ಪರ್ಧೆಯೆಂದ ಮೇಲೆ ಬಹುಮಾನ, ಬಹುಮಾನವೆಂದ ಮೇಲೆ ಮಾದರಿ.

ದೇವಿಪ್ರಸಾದ್ 1962ರಲ್ಲಿ ಯುದ್ಧವಿರೋಧಿ ಸಂಘಟನೆಯೊಂದರ ಕೆಲಸಕ್ಕೆ ಲಂಡನ್ನಿಗೆ ಹೊರಟುಹೋದರು. ಅದಕ್ಕೆ ಎರಡು ವರ್ಷ ಮೊದಲು ಹುಟ್ಟಿದ್ದ ಮಹಾರಾಷ್ಟ್ರ ರಾಜ್ಯ, ಲಂಡನ್ನಿನ ಪಠ್ಯಕ್ರಮದ ಕೂಸಾದ ಪರೀಕ್ಷೆಯನ್ನು ಆಸ್ತಿಯಾಗಿ ಪಡೆದು ಮುಂದುವರಿಸಿತ್ತು. ಈಗ ಇಂಟರ್‌ಮೀಡಿಯಟ್ಟಿನ ಗ್ರೇಡಿಗೆ ಹತ್ತನೆಯ ತರಗತಿಯಲ್ಲಿ ಕೆಲವು ಹೆಚ್ಚುವರಿ ಅಂಕಗಳಿವೆ, ಹಾಗಾಗಿ ಕ್ಲಾಸುಗಳೂ ಗೈಡುಗಳೂ ಇವೆ. ಈ ಪರೀಕ್ಷೆಯನ್ನು ತೆಗೆದುಹಾಕಿ ಎಂದು ನಾನು ಹೇಳಲಾರೆ. ಶುಲ್ಕ ಕೊಟ್ಟು ಹವ್ಯಾಸ ಕ್ಲಾಸಿಗೆ ಹೋಗಲಾಗದ ಎಷ್ಟೋ ಮಕ್ಕಳಿಗೆ ಯಾರಾದರೂ ಪೆನ್ಸಿಲ್ಲು ಹಿಡಿಯುವುದನ್ನು ಗಂಭೀರವಾಗಿ ಕಲಿಸುವುದು ಇದೊಂದರ ನೆಪದಲ್ಲೇ. ಸಿಬಿಎಸ್‌ಇ ಶಾಲೆಗಳಲ್ಲಿ ಈಚೆಗೆ ಎಲ್ಲ ವಿಷಯಕ್ಕೂ ಕಲೆ ಬೆರೆಸಬೇಕೆಂಬ ಸೂಚನೆ ಬಂದಿದೆ. ಎಷ್ಟೋ ಮನೆಗಳಲ್ಲಿ ಅದು ಭಾನುವಾರ ರಾತ್ರಿ ಥರ್ಮೊಕೋಲು ಕತ್ತರಿಸುವ ಅಪ್ಪ-ಅಮ್ಮಂದಿರ ಕೆಲಸವಾಗಿದೆ.

ನಾಲ್ಕು ಪತ್ರಿಕೆಗಳಲ್ಲಿ ಮೇರಿಯನ್ ರಿಚರ್ಡ್‌ಸನ್‌ಗೆ ಗುರುತು ಸಿಗಬಹುದಾದದ್ದು ಒಂದಿದೆ, ಸ್ಮರಣಚಿತ್ರ. ಬಸ್ ನಿಲ್ದಾಣ, ಸಂತೆ, ಮಳೆಗಾಲದ ಬೀದಿ ಎಂಬಂಥ ವಿಷಯ ಕೊಟ್ಟು, ಎದುರಿಗೆ ಏನೂ ಇಡದೆ, ನೆನಪಿನಿಂದ ಬರೆಯಲು ಹೇಳುತ್ತಾರೆ. ಮಗು ತಾನು ಕಂಡದ್ದನ್ನು ಬರೆಯಲು ಜಾಗವಿರುವುದು ಇಲ್ಲೇ. ಕ್ಲಾಸುಗಳು ಇದಕ್ಕೂ ಮದ್ದು ಕಂಡುಹಿಡಿದಿವೆ: ನಾಲ್ಕೈದು ಆಕೃತಿಗಳನ್ನು ಬಾಯಿಪಾಠದಂತೆ ಕೈಪಾಠ ಮಾಡಿಸುವುದು. ಬೆನ್ನು ತಿರುಗಿಸಿ ನಿಂತ ಹೆಂಗಸು, ಕೊಡೆ ಹಿಡಿದ ಗಂಡಸು, ಚೀಲ ಹೊತ್ತ ಹುಡುಗ. ಕೊಡೆ ಇದ್ದರೆ ಮುಖ ಬರೆಯುವ ತಾಪತ್ರಯವಿಲ್ಲ. ವಿಷಯ ಸಂತೆಯಾದರೆ ಪಕ್ಕದಲ್ಲಿ ತರಕಾರಿ ಬುಟ್ಟಿ, ಬಸ್ ನಿಲ್ದಾಣವಾದರೆ ಕಂಬಕ್ಕೊಂದು ಫಲಕ. ಅದೇ ಕೊಡೆಯ ಗಂಡಸು ಎಲ್ಲ ಕಡೆಯೂ ನಿಂತಿರುತ್ತಾನೆ, ಬಿಸಿಲಿನ ಚಿತ್ರದಲ್ಲೂ.